ಫಾ. ಥಾಮಸ್ ಸ್ಟೀಫನ್ಸ್: ಇಸ್ರಾಯೇಲರ ಚರಿತ್ರೆಯಿಂದ ಪುನರುತ್ಥಾನದವರೆಗೆ ಹಾಡಿದ ಗುರು

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಹುಟ್ಟಿ ಬೆಳೆದ ಅನೇಕ ಧರ್ಮಗುರುಗಳು ಮತ್ತು ಧರ್ಮಭಗಿನಿಯರು ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದಂತಹ ಊರಿಗೆ ಇಲ್ಲಿಂದ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಪ್ಪು ಮಣ್ಣಿನ ಹೊಲ, ಬಿಳಿಜೋಳದ ಬೆಳೆ. ಪಕ್ಕದ ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಶ್ರಾವಣ ಮಾಸ ಬಂತೆಂದರೆ ಆ ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ ಶರಣರ ಪುರಾಣ ಪ್ರವಚನಗಳು ನಡೆಯುತ್ತವೆ. ಹಗಲೆಲ್ಲ ದುಡಿದು ದಣಿದ ಜನ ರಾತ್ರಿ ಕುಳಿತು ಕೇಳುತ್ತಾರೆ. ಅವರಿಗೆ ಕಥೆ ಕೇಳುವುದು ಗೊತ್ತು, ತೂಗಿ ನೋಡುವುದೂ ಗೊತ್ತು.

ಅಂಥವರಲ್ಲಿ ಒಬ್ಬರು ನಮ್ಮ ವಿಶ್ವಾಸದ ಬಗ್ಗೆ ತಿಳಿಯಬಯಸಿದರೆ ಎಲ್ಲಿಂದ ಆರಂಭಿಸಬೇಕು? ಯೇಸುಸ್ವಾಮಿ ಮರಣವನ್ನು ಗೆದ್ದು ಎದ್ದರು ಎಂದು ನೇರವಾಗಿ ಹೇಳಬಹುದು. ಆದರೆ ಯಾರು ಈ ಯೇಸು, ಯಾವ ಜನಾಂಗದಲ್ಲಿ ಹುಟ್ಟಿದವರು, ಅವರಿಗಾಗಿ ಆ ಜನ ಏಕೆ ಕಾದಿದ್ದರು ಎಂಬುದನ್ನು ಹೇಳದೆ ಪುನರುತ್ಥಾನ ಅರ್ಥವಾಗುವುದೇ? ದೂರದ ಯೆಹೂದ್ಯರ ಚರಿತ್ರೆ ಜೋಳದ ಹೊಲದ ರೈತನಿಗೆ ಏಕೆ ಬೇಕು?

ಇದೇ ಪ್ರಶ್ನೆಗೆ ನಾಲ್ಕು ನೂರು ವರ್ಷಗಳ ಹಿಂದೆ ಉತ್ತರ ಹುಡುಕಿದವರು ಯೇಸುಸಭೆಯ ಫಾ. ಥಾಮಸ್ ಸ್ಟೀಫನ್ಸ್. ಅವರು ಸೇವೆ ಮಾಡಿದ್ದು ಮುದ್ದೇಬಿಹಾಳದಲ್ಲಲ್ಲ, ಗೋವೆಯ ಸಾಷ್ಟಿ ಪ್ರಾಂತ್ಯದಲ್ಲಿ. ಆದರೆ ಆ ಎರಡು ಸೀಮೆಗಳು ಅಂದು ಇಂದಿನಷ್ಟು ದೂರವಿರಲಿಲ್ಲ. ಸಾಷ್ಟಿ 1543ರವರೆಗೂ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕೈಯಲ್ಲಿತ್ತು. ಆ ನಂತರವೇ ಪೋರ್ಚುಗೀಸರ ವಶವಾಯಿತು. ಮುದ್ದೇಬಿಹಾಳದ ನಾಡು ಅದೇ ಬಿಜಾಪುರದ ಆಳ್ವಿಕೆಯಲ್ಲಿ ಮುಂದುವರಿಯಿತು. ಇನ್ನು ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಸಾಷ್ಟಿ, ಬಾರ್ದೇಶಗಳಿಂದ ಬಂದವರು. ಹಾಗಾಗಿ ಫಾ. ಸ್ಟೀಫನ್ಸ್‌ರವರು ನಮ್ಮ ಅಜ್ಜ ಮುತ್ತಜ್ಜಂದಿರ ಗುರುಗಳು.

ಇಂಗ್ಲೆಂಡಿನಿಂದ ಗೋವೆಗೆ

ಅವರು 1549ರ ಸುಮಾರಿಗೆ ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ಬುಷ್ಟನ್ ಎಂಬಲ್ಲಿ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಅವರು ಯುವಕರಾಗಿದ್ದಾಗ ರಾಣಿ ಒಂದನೇ ಎಲಿಜಬೆತ್‌ಳ ಆಳ್ವಿಕೆಯಲ್ಲಿ ಕಥೋಲಿಕರಾಗಿ ಬಾಳುವುದು ಕಷ್ಟವಾಗಿತ್ತು. ಥಾಮಸ್ ಪೌಂಡ್ ಎಂಬ ಶ್ರೀಮಂತ ಕಥೋಲಿಕರ ಸೇವಕನಂತೆ ವೇಷ ಮರೆಸಿಕೊಂಡು ಅವರು ಕೆಲಕಾಲ ಊರೂರು ತಿರುಗಿದರು. ಇಬ್ಬರೂ ರೋಮಿಗೆ ಹೋಗಿ ಯೇಸುಸಭೆ ಸೇರಬೇಕೆಂದಿದ್ದರು. ಹೊರಡುವ ಮೊದಲೇ ಪೌಂಡ್ ಸೆರೆಯಾದರು. ಮುಂದೆ ಸುಮಾರು 30 ವರ್ಷ ಅವರ ಬದುಕು ಸೆರೆಮನೆಗಳಲ್ಲೇ ಕಳೆಯಿತು. ಸ್ಟೀಫನ್ಸ್ ಒಬ್ಬರೇ ರೋಮ್ ತಲುಪಿ 1575ರಲ್ಲಿ ಯೇಸುಸಭೆಯನ್ನು ಸೇರಿದರು.

1579ರ ಏಪ್ರಿಲ್ 4ರಂದು ಲಿಸ್ಬನ್‌ನಿಂದ ಹಡಗು ಹತ್ತಿ ಅಕ್ಟೋಬರ್ 24ರಂದು ಗೋವೆಯಲ್ಲಿ ಇಳಿದರು. ಆರು ತಿಂಗಳಿಗೂ ಮೀರಿದ ಆ ಪ್ರಯಾಣದ ವಿವರವನ್ನು ತಂದೆಗೆ ಪತ್ರದಲ್ಲಿ ಬರೆದು ಕಳುಹಿಸಿದರು. ಭಾರತದಲ್ಲಿ ನೆಲೆಸಿದ ಮೊದಲ ಇಂಗ್ಲಿಷ್ ವ್ಯಕ್ತಿ ಎಂದು ಅವರನ್ನು ಗುರುತಿಸಲಾಗುತ್ತದೆ. ವ್ಯಾಪಾರದ ಕಂಪನಿ ಬರುವುದಕ್ಕೆ ಎಷ್ಟೋ ಮೊದಲು, ಏನನ್ನೂ ಕೊಳ್ಳದೆ ಮಾರದೆ, ಇಲ್ಲಿಯೇ ಸಾಯಲು ಬಂದವರು ಅವರು. ಗೋವೆಯಲ್ಲಿ ಗುರುದೀಕ್ಷೆ ಪಡೆದ ಮೇಲೆ ಸಾಷ್ಟಿಯಲ್ಲಿ ಸೇವೆಗೆ ತೊಡಗಿದರು. ರಾಯತೂರಿನ ಯೇಸುಸಭೆಯ ಕಾಲೇಜಿನ ಮುಖ್ಯಸ್ಥರೂ ಆಗಿದ್ದರು. ಪೋರ್ಚುಗೀಸರ ಬಾಯಲ್ಲಿ ಅವರು ಪಾದ್ರಿ ಎಸ್ತೆವಾಂವ್ ಆದರು.

ಅವರು ಮೊದಲು ಮಾಡಿದ ಕೆಲಸ ಜನರ ಭಾಷೆ ಕಲಿತದ್ದು. ಕೊಂಕಣಿಯನ್ನು ಕಲಿತರು, ಮರಾಠಿಯನ್ನು ಕಲಿತರು. 1583ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ರಚನೆಗೂ ಗ್ರೀಕ್, ಲತೀನ್ ಭಾಷೆಗಳ ರಚನೆಗೂ ಹೋಲಿಕೆ ಇದೆ ಎಂದು ತಿಳಿಸಿದ್ದರು. ವಿದ್ವಾಂಸರು ಈ ವಿಷಯವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದು ಸುಮಾರು ಎರಡು ಶತಮಾನಗಳ ನಂತರ.

ಕುಂಕಳ್ಳಿಯ ಗಾಯ

ಅದೇ 1583ರ ಜುಲೈ ತಿಂಗಳಲ್ಲಿ ಸಾಷ್ಟಿಯ ಕುಂಕಳ್ಳಿ ಗ್ರಾಮದಲ್ಲಿ ರಕ್ತ ಹರಿಯಿತು. ಅಕ್ಬರನ ಆಸ್ಥಾನದಿಂದ ಅದೇ ವರ್ಷ ಮರಳಿದ್ದ ಫಾ. ರುಡಾಲ್ಫ್ ಅಕ್ವಾವಿವಾ ಮತ್ತು ಅವರ ನಾಲ್ವರು ಸಂಗಡಿಗ ಯೇಸುಸಭಿಕರನ್ನು ಗ್ರಾಮಸ್ಥರು ಕೊಂದರು. ಅವರ ಜೊತೆಗಿದ್ದ ಕೆಲವು ಸ್ಥಳೀಯ ಕ್ರೈಸ್ತರೂ ಸತ್ತರು. ಹುತಾತ್ಮರ ಪಾರ್ಥಿವ ಶರೀರಗಳನ್ನು ಪಡೆದು ತರುವ ಕೆಲಸದಲ್ಲಿ ಫಾ. ಸ್ಟೀಫನ್ಸ್‌ರವರೂ ಇದ್ದರು. ಧರ್ಮಸಭೆ ಈ ಐವರನ್ನು 1893ರಲ್ಲಿ ಪುನೀತರೆಂದು ಘೋಷಿಸಿತು.

ಈ ಘಟನೆಯ ಇನ್ನೊಂದು ಮುಖವನ್ನೂ ನಾವು ಹೇಳಲೇಬೇಕು. 1567ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಸಾಷ್ಟಿಯ ದೇವಾಲಯಗಳನ್ನು ಕೆಡವಿಸಿದ್ದರು. ಜನರ ಧರ್ಮಗ್ರಂಥಗಳನ್ನೂ ಕಿತ್ತುಕೊಳ್ಳಲಾಗಿತ್ತು. ಕುಂಕಳ್ಳಿಯ ಸಿಟ್ಟಿನ ಹಿಂದೆ ಆ ನೋವಿತ್ತು. ಹತ್ಯೆಯ ನಂತರ ಗ್ರಾಮದ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣಾ ಕೋಟೆಗೆ ಕರೆಸಿ ವಿಚಾರಣೆಯಿಲ್ಲದೆ ಕೊಲ್ಲಲಾಯಿತು. ಶುಭಸಂದೇಶವನ್ನು ರಾಜ್ಯಾಧಿಕಾರದ ಬಲದೊಂದಿಗೆ ಬೆರೆಸಿದಾಗ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇದನ್ನು ಮುಚ್ಚಿಟ್ಟು ಫಾ. ಸ್ಟೀಫನ್ಸ್‌ರವರ ಗುಣಗಾನ ಮಾಡುವುದು ನಮಗೆ ಸರಿ ಕಾಣುವುದಿಲ್ಲ.

ದೀಕ್ಷಾಸ್ನಾನ ಪಡೆದವರ ಸ್ಥಿತಿಯೂ ಸುಲಭವಾಗಿರಲಿಲ್ಲ. ಅವರ ಮನೆಗಳಲ್ಲಿ ಹಿಂದೆ ಪುರಾಣ ಪಠಣವಿತ್ತು. ಜ್ಞಾನೇಶ್ವರರ ಓವಿಗಳ ಇಂಪು ಕಿವಿಯಲ್ಲಿತ್ತು. ಈಗ ಅದು ನಿಂತಿತ್ತು. ಅದರ ಸ್ಥಳದಲ್ಲಿ ಅವರಿಗೆ ಸಿಕ್ಕಿದ್ದು ಬಾಯಿಪಾಠದ ಪ್ರಶ್ನೋತ್ತರ ಮಾತ್ರ. ಹಳೆಯ ಪುರಾಣಗಳನ್ನು ಬಿಡಿಸಿದಿರಿ, ಓದಿಕೊಳ್ಳಲು ನಮಗೆ ಬೇರೆ ಪುರಾಣ ಏಕೆ ಕೊಡಬಾರದು ಎಂದು ಅವರಲ್ಲೊಬ್ಬರು ಗುರುಗಳನ್ನು ಕೇಳುವ ಸಂದರ್ಭವನ್ನು ಫಾ. ಸ್ಟೀಫನ್ಸ್ ತಮ್ಮ ಕೃತಿಯ ಆರಂಭದಲ್ಲೇ ಇಟ್ಟಿದ್ದಾರೆ. ಆ ಬೇಡಿಕೆಯಲ್ಲಿ ಒಂದು ಜನಸಮುದಾಯದ ಹಸಿವಿದೆ.

ಪ್ರೇಷಿತರು ತೋರಿದ ದಾರಿ

ಫಾ. ಸ್ಟೀಫನ್ಸ್ ಎಲ್ಲಿಂದ ಆರಂಭಿಸಿದರು ಎಂಬುದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ, ಪ್ರೇಷಿತರ ಕಾರ್ಯಕಲಾಪಗಳ ಗ್ರಂಥಕ್ಕೆ ಹೋಗಬೇಕು. ಪಂಚಾಶತ್ತಮ ಹಬ್ಬದಂದು ಜೆರುಸಲೇಮಿನಲ್ಲಿ ಸಂತ ಪೇತ್ರರು ಮಾತನಾಡಿದಾಗ ಪ್ರವಾದಿ ಯೋವೇಲನಿಂದ ಆರಂಭಿಸಿ ಅರಸ ದಾವೀದನಿಗೆ ಬಂದರು. ದಾವೀದ ಸತ್ತ, ಅವನ ಸಮಾಧಿ ಎಲ್ಲರ ಕಣ್ಣೆದುರಿಗಿದೆ. ಹಾಗಾದರೆ ಕೊಳೆತು ಹೋಗದವನೆಂದು ಅವನು ಕೀರ್ತನೆಯಲ್ಲಿ ಹಾಡಿದ್ದು ಬೇರೊಬ್ಬನ ಬಗ್ಗೆ, ಆತನೇ ಪುನರುತ್ಥಾನರಾದ ಯೇಸು ಎಂಬುದು ಅವರ ವಾದ. ಮೊದಲ ಹುತಾತ್ಮ ಸಂತ ಸ್ತೇಫನರು ಅಬ್ರಹಾಮ, ಯೋಸೇಫ, ಮೋಶೆ ಎಂದು ಕ್ರಮವಾಗಿ ಹೇಳುತ್ತಾ ಬಂದರು. ಕೊನೆಯಲ್ಲಿ ದೇವರ ಬಲಗಡೆಯಲ್ಲಿ ನಿಂತ ಯೇಸುವನ್ನು ಕಂಡೆನೆಂದಾಗ ಕಲ್ಲೇಟಿಗೆ ಬಲಿಯಾದರು. ಪಿಸಿದ್ಯದ ಅಂತಿಯೋಕ್ಯದ ಪ್ರಾರ್ಥನಾಮಂದಿರದಲ್ಲಿ ಸಂತ ಪೌಲರು ಈಜಿಪ್ಟಿನಿಂದ ಬಿಡುಗಡೆ, ಅರಣ್ಯದ 40 ವರ್ಷ, ನ್ಯಾಯಸ್ಥಾಪಕರು, ಸಮುವೇಲ, ಸೌಲ, ದಾವೀದ ಎಂದು ಎಣಿಸಿ, ದಾವೀದನ ವಂಶದ ಯೇಸುವನ್ನು ದೇವರು ಎಬ್ಬಿಸಿದರು ಎಂಬಲ್ಲಿಗೆ ತಂದು ನಿಲ್ಲಿಸಿದರು.

ಈ ಪ್ರಬೋಧನೆಗಳಲ್ಲಿ ಪುನರುತ್ಥಾನ ಒಂಟಿಯಾಗಿ ಬರುವುದಿಲ್ಲ. ದೇವರು ಮಾತು ಕೊಟ್ಟಿದ್ದರು, ಆ ಮಾತನ್ನು ನಡೆಸಿದರು ಎಂಬುದಕ್ಕೆ ಅದು ಸಾಕ್ಷಿಯಾಗಿ ಬರುತ್ತದೆ. ಮಾತು ಕೊಟ್ಟದ್ದೇ ಗೊತ್ತಿಲ್ಲದವನಿಗೆ ಮಾತು ನಡೆಸಿದ ಸಂತೋಷ ಹೇಗೆ ತಿಳಿದೀತು?

ಆದರೆ ಆ ಕೇಳುಗರು ಯೆಹೂದ್ಯರು. ಅದು ಅವರದ್ದೇ ಮನೆಯ ಚರಿತ್ರೆ. ಅನ್ಯ ಜನಾಂಗದವರ ಮುಂದೆ ನಿಂತಾಗ ಪೌಲರು ಬೇರೆ ದಾರಿ ಹಿಡಿದರು. ಲುಸ್ತ್ರದಲ್ಲಿ ಮಳೆ ಮತ್ತು ಬೆಳೆಯನ್ನು ಕೊಡುವ ದೇವರ ಬಗ್ಗೆ ಹೇಳಿದರು. ಅಥೆನ್ಸಿನಲ್ಲಿ ಸೃಷ್ಟಿಯಿಂದ ಆರಂಭಿಸಿ, ಅಬ್ರಹಾಮ ದಾವೀದರ ಹೆಸರೆತ್ತದೆ ನೇರ ಪುನರುತ್ಥಾನಕ್ಕೆ ಬಂದರು. ಅಲ್ಲಿ ಕೆಲವರು ನಕ್ಕರು, ಕೆಲವರು ಮತ್ತೊಮ್ಮೆ ಕೇಳೋಣವೆಂದರು, ಕೆಲವರು ಮಾತ್ರ ನಂಬಿದರು.

ಕ್ರಿಸ್ತಪುರಾಣ

ಸಾಷ್ಟಿಯ ಜನ ಯೆಹೂದ್ಯರಲ್ಲ. ಅಬ್ರಹಾಮ ಅವರ ಪೂರ್ವಜನಲ್ಲ. ಆದರೂ ಫಾ. ಸ್ಟೀಫನ್ಸ್ ಚುಟುಕಾದ ದಾರಿಯನ್ನು ಹಿಡಿಯಲಿಲ್ಲ. ಪೌಲರು ಅಥೆನ್ಸಿನಲ್ಲಿ ಮಾಡಿದಂತೆ ಸೃಷ್ಟಿಯಿಂದ ಆರಂಭಿಸಿದರು. ಅಂತಿಯೋಕ್ಯದಲ್ಲಿ ಮಾಡಿದಂತೆ ಇಸ್ರಾಯೇಲರ ಚರಿತ್ರೆಯ ಮೂಲಕ ನಡೆಸಿದರು. 1616ರಲ್ಲಿ ರಾಯತೂರಿನಲ್ಲಿ ಅಚ್ಚಾದ ಅವರ ಕೃತಿ ಕ್ರಿಸ್ತಪುರಾಣ ಎಂದೇ ಪ್ರಸಿದ್ಧವಾಗಿದೆ. ಕೊಂಕಣಿ ಬೆರೆತ ಮರಾಠಿ ಭಾಷೆ, ಜನ ಹಾಡಬಲ್ಲ ಓವಿ ಛಂದಸ್ಸು, ಒಟ್ಟು ಸುಮಾರು 11,000 ಓವಿಗಳು. ದೇವನಾಗರಿ ಅಚ್ಚುಮೊಳೆಗಳಿಲ್ಲದ ಕಾರಣ ರೋಮನ್ ಲಿಪಿಯಲ್ಲಿ ಅಚ್ಚಾಯಿತು.

ಅದರಲ್ಲಿ ಎರಡು ಭಾಗಗಳಿವೆ. ಮೊದಲ ಪುರಾಣದ 36 ಅಧ್ಯಾಯಗಳಲ್ಲಿ ಹಳೆಯ ಒಡಂಬಡಿಕೆ. ಎರಡನೆಯ ಪುರಾಣದ 59 ಅಧ್ಯಾಯಗಳಲ್ಲಿ ಯೇಸುಸ್ವಾಮಿಯ ಜನನ, ಬೋಧನೆ, ಪಾಡು, ಮರಣ ಮತ್ತು ಪುನರುತ್ಥಾನ. ಐದರಲ್ಲಿ ಸುಮಾರು ಎರಡು ಪಾಲು ಮುಗಿಯುವವರೆಗೆ ಬೆತ್ಲೆಹೇಮಿನ ಕೂಸು ಹುಟ್ಟುವುದೇ ಇಲ್ಲ. ಇಸ್ರಾಯೇಲರು ಕಾದಂತೆ ಕೇಳುಗರೂ ಕಾಯಬೇಕು. ಈಜಿಪ್ಟಿನ ದಾಸ್ಯ, ಅರಣ್ಯದ ಅಲೆದಾಟ, ಬಾಬಿಲೋನಿಯದ ಸೆರೆ ಎಲ್ಲವನ್ನೂ ಹಾಡುತ್ತಾ ದಾಟಿ ಬಂದವರಿಗೆ ಖಾಲಿ ಸಮಾಧಿಯ ಮುಂದೆ ನಿಂತಾಗ ಆ ಚರಿತ್ರೆ ಪರರದ್ದೆಂದು ಅನಿಸುವುದಿಲ್ಲ. ಹಾಡಿ ಹಾಡಿ ಅದು ಅವರದ್ದೇ ಆಗಿರುತ್ತದೆ. ಸ್ವರ್ಗಕ್ಕೆ ವೈಕುಂಠ ಎಂಬ ಜನರ ಮಾತನ್ನೇ ಬಳಸಲು ಅವರು ಹಿಂಜರಿಯಲಿಲ್ಲ.

ಫಾ. ಸ್ಟೀಫನ್ಸ್ 1619ರಲ್ಲಿ ಗೋವೆಯಲ್ಲೇ ಮೃತರಾದರು. ಬಂದ ಮೇಲೆ ಅವರು ಸ್ವದೇಶಕ್ಕೆ ಮರಳಲೇ ಇಲ್ಲ. ಅವರ ಕೊಂಕಣಿ ಧರ್ಮೋಪದೇಶ ಪುಸ್ತಕ 1622ರಲ್ಲಿಯೂ, ಕೊಂಕಣಿ ವ್ಯಾಕರಣ 1640ರಲ್ಲಿಯೂ ಅಚ್ಚಾದವು. ಆ ವ್ಯಾಕರಣದ ಹೆಸರಿನಲ್ಲಿ ಕೊಂಕಣಿಯನ್ನು ಕಾನಾರಿಂ ಭಾಷೆ ಎಂದು ಕರೆದಿರುವುದು ಕನ್ನಡಿಗರಿಗೆ ಕುತೂಹಲದ ವಿಷಯ.

ಪುರಾಣ 1649 ಮತ್ತು 1654ರಲ್ಲಿ ಮತ್ತೆ ಅಚ್ಚಾಯಿತು. 1684ರಲ್ಲಿ ಪೋರ್ಚುಗೀಸ್ ಸರಕಾರ ಜನರ ಭಾಷೆಯನ್ನೇ ಬಿಡಿಸಿ ಪೋರ್ಚುಗೀಸ್ ಕಲಿಸಲು ಆಜ್ಞೆ ಹೊರಡಿಸಿತು. ಆದರೂ ಪುರಾಣ ಕೈಬರಹದ ಪ್ರತಿಗಳಲ್ಲಿ ಬದುಕಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದವರ ಜೊತೆ ನಮ್ಮ ಕರಾವಳಿಗೂ ಬಂತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ, 1799ರವರೆಗಿನ ಆ ದೀರ್ಘ ಸೆರೆವಾಸದಲ್ಲಿ ಪುರಾಣವೂ ಸಾಂತ್ವನ ನೀಡಿತೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ಉಳಿದಿಲ್ಲ. ಕೈಬರಹದ ಪ್ರತಿಗಳಿಂದ ಅದನ್ನು ಮತ್ತೆ ಅಚ್ಚಿಗೆ ತಂದದ್ದು ನಮ್ಮ ಮಂಗಳೂರು. 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹಾರವರು ಅದರ ಸಂಪಾದಕರು.

ನಮಗೊಂದು ಮಾತು

ಪಾಸ್ಖ ಜಾಗರಣೆಯ ರಾತ್ರಿ ಧರ್ಮಸಭೆಯೂ ಇದೇ ಕೆಲಸ ಮಾಡುತ್ತದೆ. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳು. ಆ ಮೇಲೆಯೇ ಪುನರುತ್ಥಾನದ ಶುಭಸಂದೇಶ. ಅಗತ್ಯವಿದ್ದರೆ ಕಡಿಮೆ ಮಾಡಬಹುದು, ಆದರೆ ಕೆಂಪು ಸಮುದ್ರ ದಾಟಿದ ವಾಚನವನ್ನು ಎಂದೂ ಬಿಡುವಂತಿಲ್ಲ. ಹೊತ್ತಾಗುತ್ತದೆ, ಜನ ಕಾಯುವುದಿಲ್ಲ ಎಂದು ನಾವೂ ವರ್ಷ ವರ್ಷ ಏಳನ್ನು ಮೂರಕ್ಕೆ ಇಳಿಸಿದ್ದೇವೆ. ಜನ ಯಾರೂ ದೂರಲಿಲ್ಲ. ದೂರದಿದ್ದುದೇ ನಮ್ಮನ್ನು ಈಗ ಕಾಡುತ್ತದೆ. 11,000 ಓವಿಗಳಿಗೆ ಕಾದು ಕುಳಿತವರ ಮೊಮ್ಮಕ್ಕಳು ನಾವು.

ಈ ಮಾತು ನಮ್ಮ ಬಾಗಿಲಿಗೂ ಬಂದಿದೆ. ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಮಕ್ಕಳು ಮರಿಗಳೊಂದಿಗೆ ಕೂಲಿ ಹುಡುಕಿಕೊಂಡು ಕರಾವಳಿಗೆ, ಗೋವೆಗೆ ಬರುತ್ತಾರೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡ ಕುಟುಂಬಗಳೂ ಆ ಸೀಮೆಯಲ್ಲಿವೆ. ನಮ್ಮ ಮನೆಗಳನ್ನು ಕಟ್ಟುವ ಕೈಗಳು ಇವರದ್ದು. ನೆಲ ಬಿಟ್ಟು ಹೊರಟವರ, ಕೂಲಿಗಾಗಿ ಇಟ್ಟಿಗೆ ಹೊತ್ತವರ, ಮರಳಿ ಹೋಗುವ ದಿನ ಎಣಿಸುವವರ ಕಥೆಯೇ ಇಸ್ರಾಯೇಲರ ಕಥೆ. ಅದು ಜೋಳದ ಹೊಲದ ರೈತನಿಗೆ ಏಕೆ ಬೇಕು ಎಂದು ನಾವು ಕೇಳಿಕೊಂಡಿದ್ದೆವು. ನಿಜ ಹೇಳಬೇಕೆಂದರೆ ಅದು ನಮಗಿಂತ ಬೇಗ ಅವನಿಗೆ ಅರ್ಥವಾದೀತು. ಅವನ ಕಥೆಯನ್ನು ಮೊದಲು ನಾವು ಕೇಳಿಸಿಕೊಳ್ಳಬೇಕು. ಫಾ. ಸ್ಟೀಫನ್ಸ್‌ರವರೂ ಜನರ ಮಾತನ್ನು ಕಲಿತು, ಅವರ ಹಸಿವನ್ನು ಕೇಳಿಸಿಕೊಂಡ ಮೇಲೆಯೇ ಹಾಡಲು ಕುಳಿತರು.

ಬರುವ ಪಾಸ್ಖ ಜಾಗರಣೆಯಲ್ಲಿ ಏಳೂ ವಾಚನಗಳನ್ನು ಓದಿಸೋಣ. ವಾಚಕರು ಮೊದಲೇ ಸಿದ್ಧರಾಗಲಿ. ಕೈಯಲ್ಲಿ ಮೇಣದ ಬತ್ತಿ ಹಿಡಿದು ಕತ್ತಲಲ್ಲಿ ಸ್ವಲ್ಪ ಹೊತ್ತು ಕುಳಿತು ಕೇಳುವ ತಾಳ್ಮೆಯನ್ನು ಪುನರುತ್ಥಾನರಾದ ಪ್ರಭು ನಮಗೆಲ್ಲರಿಗೂ ಕರುಣಿಸಲಿ.