ಕೈಬೀಸಿ ನಡೆದರೂ ತೆರಿಗೆ ಇದ್ದ ಕಾಲ: ಹೈಕೋರ್ಟ್ ಎದುರಿನ ಕುದುರೆ ಸವಾರನಿಗೂ ನಮ್ಮ ನಗರಕ್ಕೂ ಏನು ಸಂಬಂಧ?

ಶಿವಮೊಗ್ಗ: ಕೇಸಿನ ಕೆಲಸಕ್ಕೆ ಅಂತ ಬೆಂಗಳೂರಿನ ಹೈಕೋರ್ಟಿಗೆ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಧಾರವಾಡ ಪೀಠ ಆದರೂ ನಮ್ಮ ಜಿಲ್ಲೆ ಇನ್ನೂ ಬೆಂಗಳೂರಿಗೇ ಸೇರಿದ್ದು, ರಾತ್ರಿ ಬಸ್ಸು ತಪ್ಪಿಲ್ಲ. ಕೆಲ ವರ್ಷಗಳ ಹಿಂದೆ ಹೋದವರು ಆ ಕೆಂಪು ಕಟ್ಟಡದ ಮುಂದೆ ಕುದುರೆ ಮೇಲೆ ಕೂತ ಬಿಳಿಯನ ಪ್ರತಿಮೆ ನೋಡಿರುತ್ತೀರಿ. ಅದು ಸರ್ ಮಾರ್ಕ್ ಕಬ್ಬನ್. ಅವರ ಹೆಸರಲ್ಲಿ ಪಾರ್ಕ್ ಇದೆ, ರಸ್ತೆ ಇದೆ, ಪೇಟೆಯೂ ಇದೆ. ಆದರೆ ಅವರು ಕಮಿಷನರ್ ಕುರ್ಚಿಗೆ ಬರೋಕೆ ಮೂಲ ಕಾರಣ ನಮ್ಮ ನಗರದ ದಂಗೆ ಅನ್ನೋದು ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಕಬ್ಬನ್ ಹುಟ್ಟಿದ್ದು ಇಂಗ್ಲೆಂಡ್ ಪಕ್ಕದ ಐಲ್ ಆಫ್ ಮ್ಯಾನ್ ಅನ್ನೋ ಸಣ್ಣ ದ್ವೀಪದಲ್ಲಿ. ತಂದೆ ಮೊಘೋಲ್ಡ್ ಊರಿನ ಪಾದ್ರಿ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇವರಿಗೆ ಸೋದರಮಾವ. 1800ರಲ್ಲಿ, ಅಂದ್ರೆ ಟಿಪ್ಪು ಸತ್ತ ಮರುವರ್ಷ, ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿಕೊಂಡರು. ಕತ್ತಿ ಹಿಡಿದು ಹೆಸರು ಮಾಡಿದ್ದಕ್ಕಿಂತ ಸೈನ್ಯಕ್ಕೆ ಅಕ್ಕಿ, ಎತ್ತು, ಸಾಮಾನು ಪೂರೈಸುವ ಇಲಾಖೆಯಲ್ಲಿ ಲೆಕ್ಕ ನೋಡಿಕೊಂಡೇ ಮೇಲೆ ಬಂದವರು. ವ್ಯಾಪಾರಸ್ಥರಿಗೆ ಈ ಮಾತು ಅರ್ಥವಾಗುತ್ತೆ: ಸ್ಟಾಕು, ಸಾಗಣೆ ಗೊತ್ತಿದ್ದವನಿಗೆ ರಾಜ್ಯದ ಲೆಕ್ಕ ಅಷ್ಟು ಕಷ್ಟವಲ್ಲ.

ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಅಮಲ್ದಾರರು ಇಷ್ಟು ಹಣ ಕಟ್ಟುತ್ತೇವೆ ಅಂತ ಶರತ್ತು ಬರೆದುಕೊಟ್ಟು ತಾಲ್ಲೂಕು ಹಿಡಿಯೋದು, ಆಮೇಲೆ ಆ ಹಣ ರೈತರಿಂದ ಹೇಗಾದರೂ ಎತ್ತೋದು ನಡೆದಿತ್ತು. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಕೆಳದಿ ಅರಸರ ವಾರಸುದಾರ ತಾನೇ ಅಂತ ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ನಿಂತ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಕೈಜೋಡಿಸಿದ. ಕಂಪನಿ ಸೈನ್ಯ ಬಂದು ದಂಗೆ ಅಡಗಿಸಿತು. ಅದನ್ನೇ ನೆಪ ಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅರಸರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡ. ಅವಸರ ಮಾಡಿದೆ ಅಂತ ಅವನಿಗೇ ಆಮೇಲೆ ಅನಿಸಿತು. ಆದರೆ ಕೊಟ್ಟಿದ್ದು ಮಾತ್ರ ಐವತ್ತು ವರ್ಷದ ನಂತರ, 1881ರಲ್ಲಿ.

ದಂಗೆ ಯಾಕಾಯಿತು ಅಂತ ತನಿಖೆ ಮಾಡಿದ ಸಮಿತಿಯಲ್ಲಿ ಕಬ್ಬನ್ ಕೂಡ ಒಬ್ಬರು. ಮೊದಮೊದಲು ಇಬ್ಬರು ಕಮಿಷನರುಗಳನ್ನು ಕೂರಿಸಿ ನೋಡಿದರು, ಹೊಂದಾಣಿಕೆ ಆಗಲಿಲ್ಲ. 1834ರಲ್ಲಿ ಕಬ್ಬನ್ ಒಬ್ಬರೇ ಕಮಿಷನರ್ ಆದರು. ಆಮೇಲೆ 27 ವರ್ಷ ಆ ಕುರ್ಚಿ ಬಿಡಲಿಲ್ಲ.

ಅವರು ಮಾಡಿದ ಕೆಲಸದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಚಿಲ್ಲರೆ ತೆರಿಗೆಗಳ ಕಥೆ. ಒಟ್ಟು 769 ಬಾಬ್ತಿನ ತೆರಿಗೆಗಳನ್ನು ಅವರ ಕಾಲದಲ್ಲಿ ತೆಗೆದುಹಾಕಿದರು. ಎಂಥೆಂಥವು ಅಂತೀರಿ! ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೂ ತೆರಿಗೆ. ಒಂದು ಹಳ್ಳಿಯವರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲ ಅನ್ನೋ ತಪ್ಪಿಗೆ ತಲೆತಲಾಂತರದಿಂದ ದುಡ್ಡು ಕಟ್ಟುತ್ತಿದ್ದರು. ನಮ್ಮ ನಗರದಲ್ಲೇ ಒಂದು ಜಾಗ ಇತ್ತಂತೆ, ಅಲ್ಲಿ ಎರಡೂ ಕೈ ಮೈಗೆ ಒತ್ತಿಕೊಂಡು ನಡೀಬೇಕು, ಕೈಬೀಸಿ ನಡೆದರೆ ತೆರಿಗೆ. ಓದಿ ನಗು ಬರುತ್ತೆ ನಿಜ. ಸಂತೆಗೆ ಹೊರಟವನ ತಲೆ ಮೇಲೆ ಮೂಟೆ ಇದ್ದರೆ ಏನು ಮಾಡಬೇಕಿತ್ತೋ. ಇಂಥ ಸೀಮೆಯಲ್ಲಿ ದಂಗೆ ಆಗದೆ ಇನ್ನೇನು ಆಗುತ್ತೆ?

ಇನ್ನು ಕೋರ್ಟಿನ ವಿಷಯ. ಕಬ್ಬನ್ ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ ಮಾಡಿ ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟನನ್ನು ಇಟ್ಟರು. ವ್ಯಾಜ್ಯ ಶುರುವಾದರೆ ತಾಲ್ಲೂಕಿನ ಅಮಲ್ದಾರ, ಅವನ ಮೇಲೆ ಮುನ್ಸೀಫರು, ಆಮೇಲೆ ಸೂಪರಿಂಟೆಂಡೆಂಟ್, ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಹುಜೂರ್ ಅದಾಲತ್. ಈ ಅದಾಲತ್ತಿನಲ್ಲಿ ಕೂರುತ್ತಿದ್ದವರು ನಮ್ಮ ದೇಶದ ನ್ಯಾಯಾಧೀಶರೇ. ಎಲ್ಲರ ಮೇಲೆ ಸ್ವತಃ ಕಮಿಷನರ್. ಈಗಿನ ಹೈಕೋರ್ಟಿನ ಅಜ್ಜ ಅಂತ ಯಾರನ್ನಾದರೂ ಕರೆಯೋದಾದರೆ ಈ ಹುಜೂರ್ ಅದಾಲತ್ತನ್ನೇ ಕರೀಬೇಕು. ಕಚೇರಿ ಕಾಗದ ಪತ್ರ ನಡೀತಿದ್ದದ್ದು ಕನ್ನಡ, ಮರಾಠಿಯಲ್ಲಿ. ಹೈಕೋರ್ಟಿನ ಇಂಗ್ಲಿಷ್ ಆರ್ಡರ್ ಹಿಡಿದುಕೊಂಡು ಓದಿ ಹೇಳಿ ಸ್ವಾಮಿ ಅಂತ ಲಾಯರ ಮನೆಗೆ ಓಡಾಡುವವರು ಇದನ್ನು ಗಮನಿಸಬೇಕು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಹುಳುಕು ಇತ್ತು. ಕಂದಾಯ ವಸೂಲಿ ಮಾಡುವ ಅಮಲ್ದಾರನೇ ನ್ಯಾಯ ಹೇಳುವವನು. ಅಮಲ್ದಾರನ ಮೇಲೇ ದೂರು ಇದ್ದರೆ ಬಡವ ಎಲ್ಲಿಗೆ ಹೋಗಬೇಕು? ತುದಿಯಲ್ಲಿಯೂ ಅದೇ ಕಥೆ, ಆಡಳಿತ ನಡೆಸುವ ಕಬ್ಬನ್ ಅವರದೇ ಕೊನೆಯ ಮಾತು. ಒಳ್ಳೆ ಮನುಷ್ಯ ಕೂತಿರುವ ತನಕ ಸರಿ, ಆಮೇಲೆ? ಡಾಲ್‌ಹೌಸಿ ಇದನ್ನು ಒಪ್ಪಲಿಲ್ಲ. 1856ರಲ್ಲಿ ಜುಡಿಷಿಯಲ್ ಕಮಿಷನರ್ ಅನ್ನೋ ಬೇರೆ ಹುದ್ದೆ ಮಾಡಿ, ಹುಜೂರ್ ಅದಾಲತ್ತನ್ನು ಮುಚ್ಚಿದರು. ಹಾಗಾಗಿ ಕಬ್ಬನ್ ಕೈಯಿಂದ ನ್ಯಾಯದ ಕೆಲಸ ಕಳಚಿಕೊಂಡಿದ್ದು ಕೂಡ ಅವರಿದ್ದಾಗಲೇ. ಪ್ರತಿಮೆ ಮುಂದೆ ನಿಂತು ಹೊಗಳುವವರು ಈ ಭಾಗ ಹೇಳೋದಿಲ್ಲ.

ರಸ್ತೆ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಅವರ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಎತ್ತಿನ ಬೆನ್ನ ಮೇಲೆ ಹೇರು ಹೊರಿಸುತ್ತಿದ್ದ ವ್ಯಾಪಾರಿಗಳು ಗಾಡಿ ಕಟ್ಟುವಂತಾಯಿತು. ಮಲೆನಾಡಿನ ಮಳೆಗೆ ಮೂರೇ ವರ್ಷದಲ್ಲಿ ಕಿತ್ತು ಬರುವ ಡಾಂಬರು ನೋಡುವ ನಮಗೆ ಇದು ಸಣ್ಣ ಸಂಗತಿ ಅಲ್ಲ.

ಕಬ್ಬನ್ ಮದುವೆ ಆಗಲಿಲ್ಲ. ಕುದುರೆ ಅಂದ್ರೆ ಪ್ರಾಣ. ಬೇಸಿಗೆಗೆ ನಂದಿ ಬೆಟ್ಟದ ಮನೆಗೆ ಹೋಗೋರು. ಬೆಂಗಳೂರಿನಲ್ಲಿ ಅವರು ಕಟ್ಟಿಸಿದ ಮನೆಯೇ ಈಗಿನ ರಾಜಭವನ. ರಾಜ್ಯ ವಾಪಸ್ ಕೊಡಿ ಅಂತ ಅರಸರು ಬರೆದ ಅರ್ಜಿಗಳಿಗೆ ಅವರ ಬೆಂಬಲ ಸಿಗಲಿಲ್ಲ. ಹಾಗಿದ್ದೂ 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೆಳಗೆ ಹಾಕುವ ಆದೇಶ ಬಂದಾಗ ಅರಸರೂ ಕಬ್ಬನ್ನರೂ ಒಂದೇ ಕಡೆ ನಿಂತರು. ಅರಸರು ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆ ಬರೆದರು. ಕ್ಯಾನಿಂಗ್ ಆದೇಶ ಹಿಂದಕ್ಕೆ ಪಡೆದ. ಅವತ್ತು ಅದು ಜಾರಿಯಾಗಿಬಿಟ್ಟಿದ್ದರೆ ನಮ್ಮ ಕಾಗದ ಪತ್ರಗಳೆಲ್ಲ ಬೆಂಗಳೂರಿನ ಬದಲು ಮದ್ರಾಸಿಗೆ ಹೋಗಬೇಕಾಗ್ತಿತ್ತು.

1861ರಲ್ಲಿ ಆರೋಗ್ಯ ಕೈಕೊಟ್ಟು ಊರಿಗೆ ಹೊರಟರು. ಅರವತ್ತು ವರ್ಷದ ಮೇಲೆ ಮನೆ ಕಡೆ ಮುಖ ಮಾಡಿದ ಮನುಷ್ಯ ಊರು ಮುಟ್ಟಲಿಲ್ಲ, ಏಪ್ರಿಲ್ 23ರಂದು ದಾರಿಯಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡರು. ಹೆಣ ಮಾತ್ರ ಮೊಘೋಲ್ಡ್ ತಲುಪಿತು.

ತಮಾಷೆ ಏನೆಂದರೆ, ಹೈಕೋರ್ಟ್ ಕಟ್ಟಡವನ್ನು ಕಬ್ಬನ್ ನೋಡಲೇ ಇಲ್ಲ. ಅವರ ಕಾಲದಲ್ಲಿ ಹದಿನೆಂಟು ಕಚೇರಿಗಳು ಬೆಂಗಳೂರು ಕೋಟೆ ಪಕ್ಕದ ಟಿಪ್ಪು ಅರಮನೆಯಲ್ಲಿದ್ದವು. ಅವು ಹೊಸ ಕಟ್ಟಡಕ್ಕೆ ಬಂದದ್ದು 1868ರಲ್ಲಿ, ಅದಕ್ಕೇ ಅಠಾರಾ ಕಚೇರಿ ಅನ್ನೋ ಹೆಸರು. ಅಲ್ಲಿಂದ ಕಥೆ ಬೇಗ ಓಡುತ್ತೆ: 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್, 1930ರಲ್ಲಿ ಅದಕ್ಕೆ ಮೈಸೂರು ಹೈಕೋರ್ಟ್ ಅಂತ ಹೆಸರು, ವಿಧಾನಸೌಧ ಎದ್ದ ಮೇಲೆ ಕಚೇರಿಗಳೆಲ್ಲ ಆಚೆ ಹೋಗಿ ಕಟ್ಟಡ ಪೂರ್ತಿ ಕೋರ್ಟಿಗೆ, 1973ರಲ್ಲಿ ಕರ್ನಾಟಕ ಹೈಕೋರ್ಟ್. 1980ರ ದಶಕದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಮಾತೂ ಬಂದಿತ್ತು, ಜನ ತಕರಾರು ತೆಗೆದರು, ಉಳಿಯಿತು.

ಪ್ರತಿಮೆಗೆ ಆ ಅದೃಷ್ಟ ಇರಲಿಲ್ಲ. ಮಾರೊಕೆಟ್ಟಿ ಅನ್ನೋ ಶಿಲ್ಪಿ ಮಾಡಿದ ಆ ಕಂಚಿನ ಕುದುರೆ ಸವಾರನನ್ನು 2020ರಲ್ಲಿ ಹೈಕೋರ್ಟ್ ಆವರಣದಿಂದ ಎತ್ತಿ ಪಾರ್ಕಿನೊಳಗೆ ಇಟ್ಟಿದ್ದಾರೆ. ಮುಂದಿನ ಸಲ ಕೇಸಿಗೆ ಹೋದವರು, ಮುದ್ದತು ಸಿಕ್ಕಿ ಮಧ್ಯಾಹ್ನ ಖಾಲಿ ಇದ್ದರೆ, ಅಲ್ಲೇ ಹೋಗಿ ನೋಡಿ ಬರಬಹುದು.