ಗುಂಟೂರಿನ ಡಾಕ್ಟರ್ ಸಿಸ್ಟರ್ ಮೇರಿ ಗ್ಲೌರಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಮೊದಲು ವಿಚಾರಿಸುವುದು ಎಂಬಿಬಿಎಸ್ ಸೀಟಿನ ಸಂಗತಿ. ಅದು ಸಿಗದೆ ಮಕ್ಕಳು ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ ಕೋರ್ಸುಗಳಿಗೆ ಸೇರಿದರೆ ಹೆತ್ತವರ ಮುಖ ಸಪ್ಪಗಾಗುವುದನ್ನು ನಾವು ಕಂಡಿದ್ದೇವೆ. ಅಂಥವರಿಗೆ ಈ ಧರ್ಮಭಗಿನಿಯ ಜೀವನವನ್ನು ಪರಿಚಯಿಸುವುದು ಒಳ್ಳೆಯದೆನಿಸಿತು.

ಮೇರಿ ಗ್ಲೌರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ. ವಿದ್ಯಾರ್ಥಿವೇತನ ಪಡೆದು ಮೆಲ್ಬರ್ನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಬಿ.ಎ. ಓದಲು. ಬಳಿಕ ವೈದ್ಯಕೀಯಕ್ಕೆ ಬದಲಾಯಿಸಿಕೊಂಡು 1910ರಲ್ಲಿ ಪದವೀಧರೆಯಾದರು. ಹೆಣ್ಣುಮಕ್ಕಳು ಡಾಕ್ಟರಾಗುವುದು ಅಪರೂಪವಾಗಿದ್ದ ಕಾಲವದು. ನ್ಯೂಜಿಲೆಂಡಿನಲ್ಲಿ ತರಬೇತಿ ಮುಗಿಸಿ ಬಂದು ಮೆಲ್ಬರ್ನಿನ ಕಾಲಿನ್ಸ್ ಸ್ಟ್ರೀಟಿನಲ್ಲಿ ಸ್ವಂತ ಕ್ಲಿನಿಕ್ ತೆರೆದರು.

1915ರಲ್ಲಿ ಡಾ. ಆಗ್ನೆಸ್ ಮೆಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯ ಕುರಿತಾದ ಸಣ್ಣ ಪುಸ್ತಿಕೆಯೊಂದು ಮೇರಿಯವರ ಕೈಸೇರಿತು. ಭಾರತದಲ್ಲಿ ಪರದೆಯೊಳಗಿನ ಹೆಂಗಸರು ಗಂಡು ವೈದ್ಯರ ಬಳಿ ಹೋಗಲಾರದೆ, ತಾಯಂದಿರೂ ಶಿಶುಗಳೂ ಸಾಯುತ್ತಿದ್ದುದನ್ನು ಲೋಕಕ್ಕೆ ತಿಳಿಸಿದಾಕೆ ಈ ಮೆಕ್ಲಾರೆನ್. ಅದನ್ನು ಓದಿದ ಮೇರಿ ಭಾರತಕ್ಕೆ ಹೋಗಲು ನಿರ್ಧರಿಸಿದರು. ಆದರೂ ಕೂಡಲೇ ಹೊರಡಲಿಲ್ಲ. ಇನ್ನಷ್ಟು ಓದಿ 1919ರಲ್ಲಿ ಎಂ.ಡಿ. ಪಡೆದು, 1920ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿಗೆ ಬಂದು ಜೆ.ಎಂ.ಜೆ. ಸಭೆಯನ್ನು ಸೇರಿದರು. ಅವರಿಗಿಟ್ಟ ಹೆಸರು ಪವಿತ್ರ ಹೃದಯದ ಸಿಸ್ಟರ್ ಮೇರಿ.

ಇಲ್ಲೊಂದು ತೊಡಕಿತ್ತು. ಸನ್ಯಾಸಿನಿಯರು ವೈದ್ಯವೃತ್ತಿ ನಡೆಸುವುದನ್ನು ಅಂದಿನ ಧರ್ಮಸಭೆಯ ನಿಯಮಗಳು ಒಪ್ಪುತ್ತಿರಲಿಲ್ಲ. ಪೋಪ್ 15ನೇ ಬೆನೆಡಿಕ್ಟರಿಂದ ವಿಶೇಷ ಅನುಮತಿ ಪಡೆದೇ ಸಿಸ್ಟರ್ ಮೇರಿ ಚಿಕಿತ್ಸೆ ನೀಡಬೇಕಾಯಿತು. ಎಲ್ಲ ಭಗಿನಿಯರಿಗೂ ಹೆರಿಗೆ ವಿದ್ಯೆ, ವೈದ್ಯಕೀಯ ಕಲಿಯಲು ರೋಮ್ ದಾರಿ ತೆರೆದದ್ದು 1936ರಲ್ಲಿ. ತಡವಾಯಿತೆಂದು ಹೇಳಲು ನಮಗೇನೂ ಸಂಕೋಚವಿಲ್ಲ.

ಗುಂಟೂರಿನಲ್ಲಿ ಸಾಲುಗಟ್ಟಿ ನಿಂತ ರೋಗಿಗಳಿಗೆ ಇವರೊಬ್ಬರೇ ಡಾಕ್ಟರ್. ಎಷ್ಟೇ ಓದಿದ್ದರೂ ಒಬ್ಬರಿಂದ ಆಸ್ಪತ್ರೆ ನಡೆಯದು. ಮದ್ದನ್ನು ಅಳೆದು ಬೆರೆಸಿ ಕೊಡುವವರು ಬೇಕು. ಅಳತೆ ತಪ್ಪಿದರೆ ಮದ್ದೇ ವಿಷ. ರಾತ್ರಿಯಿಡೀ ಎಚ್ಚರವಿದ್ದು ಜ್ವರ ನೋಡಿ ಬರೆದಿಡುವವರು ಬೇಕು. ಹಳ್ಳಿಯಲ್ಲಿ ಹೆರಿಗೆ ಕಷ್ಟವಾದಾಗ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕೆಂದು ತಿಳಿದ ಸೂಲಗಿತ್ತಿ ಬೇಕು. ಆದುದರಿಂದ ಸಿಸ್ಟರ್ ಮೇರಿ ಅಲ್ಲಿನ ಹೆಣ್ಣುಮಕ್ಕಳನ್ನೇ ಕರೆದು ನರ್ಸುಗಳಾಗಿ, ಸೂಲಗಿತ್ತಿಯರಾಗಿ, ಔಷಧ ವಿತರಕರಾಗಿ ತರಬೇತುಗೊಳಿಸಿದರು. ಸೇಂಟ್ ಜೋಸೆಫ್ ಆಸ್ಪತ್ರೆ ಬೆಳೆದದ್ದು ಈ ಕೈಗಳಿಂದ. ಅವರು ನೋಡಿದ ರೋಗಿಗಳ ಲೆಕ್ಕ ಲಕ್ಷಗಳಲ್ಲಿದೆ. ಚಿಕಿತ್ಸೆಯ ಜತೆಗೆ ಈ ನೆಲದ ಗಿಡಮೂಲಿಕೆಗಳನ್ನೂ ಅಭ್ಯಸಿಸಿದರು.

(ಫಿಸಿಯೋಥೆರಪಿ, ಲ್ಯಾಬ್ ಮುಂತಾದ ವೃತ್ತಿಗಳ ಶಿಕ್ಷಣಕ್ಕೂ ನೋಂದಣಿಗೂ ನಮ್ಮ ಸಂಸತ್ತು ರಾಷ್ಟ್ರೀಯ ಕಾಯ್ದೆ ಮಾಡಿದ್ದು 2021ರಲ್ಲಿ ಎಂಬುದನ್ನು ಇಲ್ಲಿ ನೆನಪಿಸಬಹುದು.)

1943ರಲ್ಲಿ ಸಿಸ್ಟರ್ ಮೇರಿ ಇತರ ಭಗಿನಿಯರೊಡನೆ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಅದೇ ಇಂದಿನ ಕ್ಯಾಥೊಲಿಕ್ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬ ಆಸೆ ಅವರಿಗೆ ಬಹಳವಾಗಿತ್ತು. ಅದು ಕೈಗೂಡುವ ಮೊದಲೇ, 1957ರ ಮೇ 5ರಂದು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿಯೆಂದು ಘೋಷಿಸಿತು.

ಅವರು ಬಯಸಿದ್ದ ಕಾಲೇಜು 1963ರಲ್ಲಿ ಸೇಂಟ್ ಜಾನ್ಸ್ ಹೆಸರಿನಲ್ಲಿ ಅದೇ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲೀಗ ಎಂಬಿಬಿಎಸ್ ಜತೆಗೆ ನರ್ಸಿಂಗ್, ಅಲೈಡ್ ಹೆಲ್ತ್ ಕೋರ್ಸುಗಳೂ ನಡೆಯುತ್ತಿವೆ.