ನಿತ್ಯದ ನಿಯಮವೇ ಮನದ ಬಲ: ವಚನ ಪಿತಾಮಹ ಫ.ಗು. ಹಳಕಟ್ಟಿ



ಮನೆಯಲ್ಲಿ ಸಾವುನೋವು ಬಂದಾಗ, ಮಳೆ ಕೈಕೊಟ್ಟು ಬೆಳೆ ಒಣಗಿದಾಗ, ಸಾಲದ ಭಾರ ತಲೆಯ ಮೇಲೆ ಕುಳಿತಾಗ ಅನೇಕರು ಮಠಕ್ಕೆ ಬರುತ್ತಾರೆ. ಮನಸ್ಸು ಕುಸಿದಿದೆ, ಧೈರ್ಯ ಬೇಕು ಎನ್ನುತ್ತಾರೆ. ಆದರೆ ಕಷ್ಟ ಬಂದ ದಿನವೇ ಧೈರ್ಯವನ್ನು ಹುಡುಕಿದರೆ ಅದು ಸಿಗುವುದು ಕಠಿಣ. ಹೊಲದ ಒಡ್ಡನ್ನು ಮಳೆ ಬೀಳುವಾಗ ಹಾಕಲು ಹೋದರೆ ಮಣ್ಣೂ ಉಳಿಯುವುದಿಲ್ಲ, ನೀರೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿಯೇ ದಿನಕ್ಕೆ ನಾಲ್ಕು ಬುಟ್ಟಿ ಮಣ್ಣು ಹೊತ್ತು ಹಾಕಿದ ರೈತನ ಹೊಲದಲ್ಲಿ ಹಸಿ ನಿಲ್ಲುತ್ತದೆ. ಮನದ ಬಲವೂ ಹೀಗೆಯೇ ದಿನದಿನದ ನಿಯಮದಿಂದ ಕೂಡಿ ಬರತಕ್ಕದ್ದು. ಈ ಮಾತಿಗೆ ಸಾಕ್ಷಿಯಾಗಿ ಬಾಳಿದ ಒಬ್ಬ ಮಹನೀಯರ ಚರಿತ್ರೆಯನ್ನು ಇಂದು ಸ್ಮರಿಸೋಣ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಶಿಕ್ಷಕರು, ಸ್ವತಃ ಬರಹಗಾರರು. ತಾಯಿ ದಾನಮ್ಮನವರನ್ನು ಎಳವೆಯಲ್ಲಿಯೇ ಕಳೆದುಕೊಂಡ ಈ ಬಾಲಕ ಅಜ್ಜಿಯ ಆರೈಕೆಯಲ್ಲಿ ಬೆಳೆದರು. ಮುಂದೆ ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, ಕಾನೂನು ಪದವಿ ಗಳಿಸಿ, 1904ರ ಸುಮಾರಿಗೆ ವಕೀಲಿ ವೃತ್ತಿಗೆ ಇಳಿದರು. ಮೊದಲು ಬೆಳಗಾವಿ, ನಂತರ ಅಂದಿನ ಬಿಜಾಪುರ, ಅಂದರೆ ಇಂದಿನ ವಿಜಯಪುರ ಅವರ ಕರ್ಮಭೂಮಿಯಾಯಿತು. ಬುದ್ಧಿವಂತ ವಕೀಲರು, ಸರ್ಕಾರಿ ವಕೀಲರಾಗಿಯೂ ಕೆಲಸ ಮಾಡಿದವರು. ಹಣ, ಹೊಲ, ಮನೆ ಎಲ್ಲವನ್ನೂ ಗಳಿಸಿ ಸುಖವಾಗಿ ಇರಬಹುದಾಗಿತ್ತು.

ಆದರೆ ವೃತ್ತಿಗೆ ಇಳಿಯುವ ಹೊತ್ತಿಗೇ ಅವರ ಕೈಗೆ ಕೆಲವು ತಾಡೋಲೆಯ ಕಟ್ಟುಗಳು ಬಿದ್ದಿದ್ದವು. ಅವುಗಳಲ್ಲಿ ಶರಣರ ವಚನಗಳಿದ್ದವು. ಹನ್ನೆರಡನೆಯ ಶತಮಾನದ ಆ ಸಂಪತ್ತು ಮಠಗಳ ಮೂಲೆಯಲ್ಲಿ, ಹಳ್ಳಿಯ ಮನೆಗಳ ದೇವರ ಜಗುಲಿಯ ಮೇಲೆ, ವಸ್ತ್ರದಲ್ಲಿ ಸುತ್ತಿ ಪೂಜೆಗೊಳ್ಳುತ್ತಿತ್ತು. ಓದುವವರು ವಿರಳ. ಒಳಗೆ ಹುಳು ತಿನ್ನುತ್ತಿತ್ತು. ಇದು ಹೀಗೆಯೇ ಬಿಟ್ಟರೆ ಅಳಿದು ಹೋಗುತ್ತದೆಂಬ ಕಳವಳ ಹಳಕಟ್ಟಿಯವರ ಎದೆಯಲ್ಲಿ ನೆಟ್ಟಿತು.

ಕಳವಳ ಎಲ್ಲರಿಗೂ ಬರುತ್ತದೆ. ಅದನ್ನು ನಿತ್ಯದ ಕೆಲಸವನ್ನಾಗಿ ಮಾಡಿಕೊಂಡವರು ವಿರಳ. ಹಗಲು ನ್ಯಾಯಾಲಯದ ಕೆಲಸ, ಉಳಿದ ಹೊತ್ತು ತಾಡೋಲೆಯ ಕೆಲಸ. ರಜೆ ಬಂದರೆ ಊರೂರು ಅಲೆದು, ಮನೆಯವರನ್ನು ಒಪ್ಪಿಸಿ, ಗರಿಗಳನ್ನು ತರುವುದು. ಕಾಲ್ನಡಿಗೆಯಲ್ಲಿಯೂ ಸೈಕಲ್ಲಿನ ಮೇಲೆಯೂ ಅವರು ಹಳ್ಳಿಗಳನ್ನು ಸುತ್ತಿದ ಕಥೆಗಳನ್ನು ವಿಜಯಪುರದ ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ತಾಡೋಲೆಯ ಬರಹ ಇಂದಿನ ಪುಸ್ತಕದಂತಲ್ಲ. ಪದಕ್ಕೂ ಪದಕ್ಕೂ ನಡುವೆ ಜಾಗವಿರುವುದಿಲ್ಲ, ಅಕ್ಷರ ಮಸುಕಾಗಿರುತ್ತದೆ, ಗರಿ ಮುರಿದಿರುತ್ತದೆ. ಒಂದು ಪ್ರತಿಯಲ್ಲಿ ಅಳಿದದ್ದನ್ನು ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡಬೇಕು. ಆತುರದವನಿಗೆ ಸಾಗುವ ಕೆಲಸವಲ್ಲ ಇದು. ಒಂದೊಂದೇ ಗರಿ, ಒಂದೊಂದೇ ಸಾಲು ಎಂದು ಅವರು ಮುಂದುವರಿದರು.

ಹೀಗೆ ಸುಮಾರು ಇಪ್ಪತ್ತು ವರ್ಷ ಕಳೆದವು. ಸಿದ್ಧವಾದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರೆ ಅದು ಅಚ್ಚಾಗದೆ ಹಿಂದಿರುಗಿ ಬಂತು. ಎರಡು ದಶಕಗಳ ಶ್ರಮ ಮೇಜಿನ ಮೇಲೆ ಬಂದು ಬಿದ್ದ ಆ ದಿನವನ್ನು ನಾವು ಊಹಿಸಬೇಕು. ನಮ್ಮಂಥವರಾದರೆ ಕಟ್ಟಿಟ್ಟು ಬಿಡುತ್ತಿದ್ದೆವೇನೋ! ಅವರು ಬಿಡಲಿಲ್ಲ. ಬೆಳಗಾವಿಯಲ್ಲಿ ಮುದ್ರಣದ ಏರ್ಪಾಡು ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು.

ಪರರ ಮುದ್ರಣಾಲಯವನ್ನು ನೆಚ್ಚಿದರೆ ಕೆಲಸ ನಿಲ್ಲುತ್ತದೆಂದು ಕಂಡ ಅವರು ತಮ್ಮ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ತಾವು ಬಾಡಿಗೆಯ ಮನೆಯಲ್ಲಿ ಉಳಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟವು. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ಬರೆಯುವುದು, ಅಚ್ಚಿನ ಕರಡು ತಿದ್ದುವುದು ಬಹುಪಾಲು ಅವರ ಹೆಗಲಿಗೇ ಬಿತ್ತು. ಆದರೂ ಶಿವಾನುಭವವನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಈ ಶ್ರಮದಿಂದ ಕೆಲವೇ ಹೆಸರುಗಳು ತಿಳಿದಿದ್ದ ಕಡೆ ಇನ್ನೂರಕ್ಕೂ ಮಿಕ್ಕಿ ವಚನಕಾರರ ಹೆಸರುಗಳು ನಾಡಿಗೆ ತಿಳಿದವು.

ತಮ್ಮ ಒಬ್ಬರ ಸಾಧನೆಯಲ್ಲಿಯೇ ಅವರು ಮುಳುಗಿರಲಿಲ್ಲ. ಬರಗಾಲಕ್ಕೆ ಹೆಸರಾದ ಆ ಸೀಮೆಯ ಮಕ್ಕಳಿಗೆ ವಿದ್ಯೆ ಬೇಕೆಂದು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಮುಂದಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ಹುಟ್ಟಿತು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರನ್ನು ಅರಸಿ ಬಂದವು. ಮಾರಿದ ಮನೆ ಮಾತ್ರ ತಿರುಗಿ ಬರಲಿಲ್ಲ. 1964ರ ಜೂನ್ 29ರಂದು, 84 ವರ್ಷ ತುಂಬಲು ಮೂರು ದಿನ ಇರುವಾಗ ಅವರು ಲಿಂಗೈಕ್ಯರಾದರು.

ಇಲ್ಲಿ ಒಂದು ಮಾತನ್ನು ನಾವು ಮರೆಮಾಚದೆ ಹೇಳಬೇಕು. ನಿಯಮದಿಂದ ಬಾಳಿದವರಿಗೆ ಕಷ್ಟ ಬರುವುದಿಲ್ಲವೆಂಬುದು ಸುಳ್ಳು. ಹಳಕಟ್ಟಿಯವರಿಗೆ ಬಡತನ ಬಂತು, ನಿರಾಶೆ ಬಂತು. ನಿಯಮವು ಕಷ್ಟವನ್ನು ತಡೆಯಲಿಲ್ಲ, ಕಷ್ಟದ ಮರುದಿನ ಏನು ಮಾಡಬೇಕೆಂಬುದನ್ನು ತೋರಿಸಿತು. ಹಸ್ತಪ್ರತಿ ತಿರುಗಿ ಬಂದ ಮರುದಿನವೂ ಓದಬೇಕಾದ ಗರಿಗಳು ಕಾದಿದ್ದವು. ಕೈಗೆ ಕೆಲಸವಿದ್ದವನ ಮನಸ್ಸು ಬಿದ್ದರೂ ಏಳುತ್ತದೆ.

ನಮ್ಮ ಧರ್ಮದ ಆಚಾರಗಳೂ ಇದನ್ನೇ ಕಲಿಸುತ್ತವೆ. ದಿನವೂ ಗೊತ್ತಾದ ಹೊತ್ತಿಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತುಕೊಳ್ಳುವುದು ಚಂಚಲವಾದ ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ. ಬೇಸರವಿರಲಿ, ಉತ್ಸಾಹವಿರಲಿ, ಹಿಡಿದ ಕೆಲಸವನ್ನು ಅಂದಿನ ಮಟ್ಟಿಗೆ ಮಾಡಿ ಮುಗಿಸುವುದು ಕಾಯಕ. ಇದ್ದುದರಲ್ಲಿ ಒಂದು ತುತ್ತನ್ನು ಪರರಿಗೆ ಇಕ್ಕುವುದು ದಾಸೋಹ, ಅದು ನಮ್ಮ ದುಃಖವೊಂದೇ ಜಗತ್ತಿನಲ್ಲಿದೆ ಎಂಬ ಭ್ರಮೆಯನ್ನು ಕಳೆಯುತ್ತದೆ. ಈ ಮೂರೂ ಹಳಕಟ್ಟಿಯವರ ಬಾಳಿನಲ್ಲಿ ತಾಡೋಲೆ, ಮುದ್ರಣಾಲಯ, ಶಾಲೆಗಳ ರೂಪದಲ್ಲಿ ನೆಲೆಗೊಂಡಿದ್ದವು.

ಹಿರಿಯರೇ, ತಾಯಂದಿರೇ, ದೊಡ್ಡ ವ್ರತವನ್ನು ಹಿಡಿದು ಎಂಟು ದಿನಕ್ಕೆ ಬಿಡುವುದು ಬೇಡ. ಬೆಳಗಿನ ಒಂದು ಗಳಿಗೆ ಪೂಜೆ, ಸಂಜೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಒಂದು ವಚನದ ಓದು, ಮಲಗುವ ಮುನ್ನ ಅಂದಿನ ನಡೆನುಡಿಯ ಒಂದು ನೆನಪು, ಇಷ್ಟು ಸಾಕು. ಒಂದು ದಿನ ತಪ್ಪಿದರೆ ಮರುದಿನ ಅದೇ ಹೊತ್ತಿಗೆ ಮತ್ತೆ ಕುಳಿತುಕೊಳ್ಳಿ. ಭಾರ ಹೊರಲಾರದಷ್ಟಾದರೆ, ನಿದ್ದೆ ಊಟ ಬಿಟ್ಟುಹೋದರೆ, ಒಬ್ಬರೇ ನುಂಗಿಕೊಂಡು ಕೂಡಬೇಡಿ. ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಅದರಲ್ಲಿ ನಾಚಿಕೆಯಿಲ್ಲ.

ಇಂದು ನಾವು ಮನೆಮನೆಯಲ್ಲಿ ವಚನ ಓದುತ್ತೇವೆ. ಆ ಪುಸ್ತಕದ ಹಿಂದೆ ಒಬ್ಬ ವಕೀಲರು ಮಾರಿದ ಮನೆಯಿದೆ, ಒಂದೊಂದಾಗಿ ಓದಿದ ಸಾವಿರಾರು ಗರಿಗಳಿವೆ. ಮುಂದಿನ ಸಲ ವಚನದ ಪುಸ್ತಕವನ್ನು ಕೈಗೆತ್ತಿಕೊಂಡಾಗ ಅವರನ್ನು ನೆನೆಯೋಣ. ಅಂದಿನ ನಮ್ಮ ಗರಿಯನ್ನು ಅಂದೇ ಮುಗಿಸೋಣ. ಎಲ್ಲರಿಗೂ ಶುಭವಾಗಲಿ.